ತಗ್ಗಿನೊಳಗಿನ ಕಾಲು

ಮಕ್ಕಳ ಪುಸ್ತಕಗಳಿಗೆ ಎದ್ದು ನಿಲ್ಲುವ ಚಿತ್ರಗಳನ್ನು ಮಾಡುವ ನಾನು, ಈಗಲೂ ಹಳೆಯ ರಟ್ಟಿನ ವಾಸನೆ ಬಂದರೆ ಕತ್ತರಿ ಕೆಳಗಿಡುತ್ತೇನೆ.

ನನ್ನ ಬಾಲ್ಯದ ಒಂದು ಮಧ್ಯಾಹ್ನ ರಬಕವಿಯ ಮನೆಯಲ್ಲಿ ಅಜ್ಜನ ಮಗ್ಗ ನಿಂತಿತು. ನೇಯುತ್ತಿದ್ದ ಸೀರೆಯ ಸೆರಗಿನಲ್ಲಿ ನವಿಲಿನ ಕುತ್ತಿಗೆ ಸ್ವಲ್ಪ ಮುರಿದಂತೆ ಕಾಣುತ್ತಿತ್ತು. ಮಗ್ಗಕ್ಕೆ ನಕ್ಷೆ ತೋರಿಸಲೆಂದು ತೂತು ಹೊಡೆದು ಸಾಲಾಗಿ ಹೊಲಿದ ರಟ್ಟುಗಳಲ್ಲಿ ಒಂದು ಇರಲಿಲ್ಲ.

"ಹಳೇ ರಟ್ಟಂತ ತಿಳಿದು ಕತ್ತರಿಸೇನಿ, ಯಪ್ಪಾ," ಎಂದಳು ಸಣ್ಣತ್ತೆ. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಆ ರಟ್ಟಿನಿಂದ ಮಾಡಿದ, ಬಿಡಿಸಿದರೆ ಚಿತ್ರ ಎದ್ದು ನಿಲ್ಲುವ ಪುಸ್ತಕ ಅವಳ ಕೈಯಲ್ಲಿತ್ತು.

"ಇನ್ನೊಮ್ಮೆ ಈ ಆಟ ಆಡಿದ್ರ ಒಲಿಗೆ ಹಾಕ್ತೀನಿ ಅಂದಿದ್ನಿಲ್ಲ? ತಾ ಆ ಪುಸ್ತಕ," ಎಂದ ಅಜ್ಜ.

"ಮಗ್ಗಾ ಬಿಟ್ಟು ಮಗಳ ಕೂಡ ಕುಸ್ತಿ ಹಿಡದೀರೇನ್ರಿ?" ಎಂದಳು ಅಜ್ಜಿ, ರೊಟ್ಟಿ ಬಡಿಯುತ್ತಲೇ.

ಅಜ್ಜ ಪುಸ್ತಕ ಇಸಿದುಕೊಂಡ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಬಿಡಿಸಿದ. ತೂತುಗಳ ರಟ್ಟಿನ ಮಗ್ಗವೊಂದು ಎದ್ದು ನಿಂತಿತು. ಅದರೊಳಗೆ ಅವನದೇ ಬಾಗಿದ ಬೆನ್ನು. ಮುಚ್ಚಿದ. ಮತ್ತೆ ಬಿಡಿಸಿದ. ಉರಿ ಪುಟದ ಅಂಚಿನ ಹತ್ತಿರವೇ ಇತ್ತು.

"ನನ್ನ ಕಾಲ ಎಲ್ಲಿ ಅದಾವ?"

"ಪುಟದ ಕೆಳಗ, ಯಪ್ಪಾ. ಮಗ್ಗದ ತಗ್ಗಿನ್ಯಾಗ."

ಅವನು ಪುಟ ತಿರುವಿದ. ನೇಕಾರ ಕಾಲು ಇಳಿಬಿಡುವ ಗುಂಡಿಯಲ್ಲಿ, ತುಳಿಮಣೆಯ ಮೇಲೆ ಎರಡು ಕಾಗದದ ಪಾದಗಳು. ಅಜ್ಜಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು.

"ಬಲಗಾಲ ಇಷ್ಟ ಮುಂದ ಇರಂಗಿಲ್ಲ," ಎಂದು ಅಜ್ಜ ಪುಸ್ತಕವನ್ನು ಸಣ್ಣತ್ತೆಯ ಕೈಗೇ ಕೊಟ್ಟ. "ಸರಿ ಮಾಡು. ಆಮ್ಯಾಲ ಹೊಸಾ ರಟ್ಟಿಗೆ ತೂತು ಹೊಡ್ಯಾಕ ಬಾ."