ಒಡೆಯರ ಒಪ್ಪಿಗೆ

ರಾಜನ ಕೈ ಒರೆಸುವ ವಸ್ತ್ರದ ಒಂದು ತುದಿಯನ್ನು ಎಂಗೆರಾನ್ ಎಳೆಯುತ್ತಿದ್ದ, ಇನ್ನೊಂದನ್ನು ತಿಬೋ. ಒಬ್ಬ ಡ್ಯೂಕ್, ಇನ್ನೊಬ್ಬ ಕೌಂಟ್. ಬೀದಿಯ ಮಕ್ಕಳೂ ನಾಚುವಂಥ ಜಗ್ಗಾಟ. ಫ್ರಾನ್ಸಿನ ಆಸ್ಥಾನದಲ್ಲಿ ಆ ವಸ್ತ್ರ ನೀಡುವವನೇ ರಾಜನಿಗೆ ಅತಿ ಹತ್ತಿರದವನು. ಪುಟ್ಟ ಯುವರಾಜನನ್ನು ಯಾರ ಕೈಗೆ ಒಪ್ಪಿಸುವುದೆಂದು ಈ ಊಟದಲ್ಲೇ ತೀರ್ಮಾನವಾಗಬೇಕಿತ್ತು. ಮಗು ಸಿಕ್ಕವನಿಗೆ ರಾಜ್ಯವೂ ಸಿಕ್ಕಂತೆ.

ಮಗನನ್ನು ತನ್ನಿಂದ ಕಿತ್ತುಕೊಳ್ಳಬೇಡಿ ಎಂದು ರಾಣಿ ಹೇಳಿಕಳಿಸಿದ್ದಳು. ಪದ್ಧತಿಯಂತೆ ಅವಳು ಕೋಣೆ ಬಿಟ್ಟು ಬರುವಂತಿರಲಿಲ್ಲ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಾಜ ಕಿರೀಟ ಧರಿಸಿ ಸುಮ್ಮನೆ ಕುಳಿತಿದ್ದ. ಹುರಿದ ನವಿಲು ಬಂತು, ದ್ರಾಕ್ಷಾರಸ ಬಂತು. ವಿಷವಿದೆಯೇ ಎಂದು ಆಳೊಬ್ಬ ಎಲ್ಲವನ್ನೂ ರುಚಿ ನೋಡಿದ. ರಾಜ ಏನನ್ನೂ ಮುಟ್ಟಲಿಲ್ಲ. ತಟ್ಟೆಗಳು ಹಾಗೇ ಹೆಬ್ಬಾಗಿಲಿಗೆ ಹೋದವು; ಈಚೆಗೆ ಅಲ್ಲಿಯ ಭಿಕ್ಷುಕರು ಮೈತುಂಬಿಕೊಂಡಿದ್ದರು.

"ಏನು ಚಳಿ ಇದು. ಬೆಂಕಿ ಜೋರು ಮಾಡ್ರೋ," ಎಂದ ತಿಬೋ.

"ಬೇಡಿ ಸ್ವಾಮಿ," ಎಂದ ಅರಮನೆಯ ಮುದಿ ಪಾರುಪತ್ತೇಗಾರ ಗೋಶೇ. "ಒಡೆಯರಿಗೆ ಬಿಸಿ ಆಗಿಬರಲ್ಲ."

"ನನಗೆ ಆಗಿಬರತ್ತಲ್ಲ."

ಸೌದೆ ಬಿತ್ತು. ತಿಬೋ ಕೈ ಕಾಯಿಸಲು ತಿರುಗಿದ್ದೇ ತಡ, ವಸ್ತ್ರ ಎಂಗೆರಾನ್‌ ಪಾಲಾಯಿತು. ಅವನು ರಾಜನ ಪಕ್ಕ ಮಂಡಿಯೂರಿ, ಕುಮಾರನನ್ನು ಸಾಕುವ ಭಾರ ಒಡೆಯರು ಎಂದೋ ತನಗೆ ವಹಿಸಿದ್ದಾರೆ ಎಂದು ಸಾರಿದ. ಇದೇ ರಾಜ ಹಿಂದೆ ಅವನನ್ನು ಎರಡು ಸಲ ಆಸ್ಥಾನದಿಂದ ಅಟ್ಟಿದ್ದ. ಈಗ ಇಲ್ಲವೆನ್ನಲಿಲ್ಲ.

"ಹೌದಾ? ಎಲ್ಲರೆದುರು ಕೇಳಿ ನೋಡೋಣ," ಎಂದ ತಿಬೋ. "ಒಡೆಯರು ಹ್ಞೂಂ ಅಂದ್ರೆ ನಿಮ್ಮ ಲಾಯದ ಲದ್ದಿ ನಾನೇ ಬಾಚ್ತೀನಿ."

ಎಂಗೆರಾನ್ ಬೆವರಿದ. ತನ್ನ ವಂಶ, ತನ್ನ ಯುದ್ಧ, ತನ್ನ ಗಾಯ ಎಲ್ಲವನ್ನೂ ಹೇಳಿಕೊಂಡು ಕಾಲ ತಳ್ಳಿದ. ಸೌದೆ ಧಗಧಗ ಉರಿಯಿತು. ಕೊನೆಗೆ ಬೇರೆ ದಾರಿ ಉಳಿಯಲಿಲ್ಲ.

"ಒಡೆಯಾ, ಕುಮಾರನ್ನ ನನಗೆ ಒಪ್ಪಿಸ್ತೀರಾ?"

ರಾಜನ ತಲೆ ನಿಧಾನವಾಗಿ, ಬಹಳ ನಿಧಾನವಾಗಿ ಮುಂದಕ್ಕೆ ಬಾಗಿತು.

ಸಭೆಗೆ ಸಭೆಯೇ ಮಂಡಿಯೂರಿತು. ತಿಬೋನೂ ಊರಿದ. ಯುವರಾಜನನ್ನು ತರಲು ಆಳುಗಳು ಓಡಿದರು. ರಾಣಿಯ ಚೀರಾಟ ಅಲ್ಲಿಯವರೆಗೂ ಕೇಳಿಸಿತು. ಅಷ್ಟು ಜನ ಗಂಡಸರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ.

ಗೋಶೇ ಮಾತ್ರ ಎದ್ದು ಬೆಂಕಿಗೆ ನೀರು ಸುರಿದ. ರಾಜನ ಮೆತ್ತಗಾದ ಕುತ್ತಿಗೆಯನ್ನು ಎರಡೂ ಕೈಯಿಂದ ನೆಟ್ಟಗೆ ನಿಲ್ಲಿಸಿ, ಬೆರಳಿಗಂಟಿದ ಮೇಣವನ್ನು ಆ ವಸ್ತ್ರಕ್ಕೇ ಒರೆಸಿದ. ಹೋದ ತಿಂಗಳು ತೀರಿಕೊಂಡ ರಾಜನನ್ನು ಹೂಳುವವರೆಗೆ ಪದ್ಧತಿಯಂತೆ ಈ ಮೇಣದ ಬೊಂಬೆಯೇ ಒಡೆಯ, ಊಟವೂ ಅದಕ್ಕೇ, ಆಜ್ಞೆಯೂ ಅದರದ್ದೇ. ಮಂಡಿಯೂರಿದ್ದ ಪ್ರತಿಯೊಬ್ಬನಿಗೂ ಅದು ಗೊತ್ತಿತ್ತು.