ಕಿವಿಯ ಕವಚ

ಮಗ್ಗದ ಶೆಡ್ಡಿಗೆ ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ನೇಕಾರ ಚೌಡಪ್ಪ ಕಿವಿ ಹಿಡಿದುಕೊಂಡು ನಿಂತ.

“ಮಗ್ಗ ನಿಂತ್ರೂ ಕಿವಿಯೊಳಗೆ ಜೀರುಂಡೆ ಕೂಗೋದು ನಿಲ್ಲಲ್ಲ ಮೇಡಂ. ಸರಿಯಾಗಿ ನಿದ್ದೆ ಮಾಡಿ ಎರಡು ವರ್ಷ ಆಯ್ತು.”

ಮಾಲೀಕ ನಕ್ಕ. “ರೇಡಿಯೋ ಇಲ್ಲದೇನೇ ಸಂಗೀತ! ಪುಣ್ಯವಂತ ಕಣಯ್ಯ ನೀನು.”

“ಇವರ ಕಿವಿಗೆ ಏನು ಕೊಟ್ಟಿದ್ದೀರಿ?” ಅಧಿಕಾರಿ ಕೇಳಿದರು.

“ಐದು ವರ್ಷದ ಹಿಂದೇನೇ ಎಲ್ಲರಿಗೂ ಹೆಡ್‌ಫೋನ್ ಥರದ ಕವಚ ತಂದಿದ್ದೀನಿ ಮೇಡಂ. ಹಾಕ್ಕೊಳ್ಳೋಕೆ ಇವರಿಗೇ ಸೋಮಾರಿತನ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?”

ಸೊಂಟದಿಂದ ಕೀಲಿಗೊಂಚಲು ತೆಗೆದು ಬೀರು ತೆರೆದ. ಕಿವಿ ಕೊಟ್ಟ ದೇವರೇ ತಾನೆಂಬಂತೆ ಒಂದು ಕವಚವನ್ನು ಅವರ ಕೈಗಿಟ್ಟ.

ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿದರು.

ಬಿಚ್ಚದ ಪ್ಲಾಸ್ಟಿಕ್ ಕವರಿನ ಮೇಲೆ ಐದು ಆಯುಧಪೂಜೆಗಳ ಕುಂಕುಮದ ಬೊಟ್ಟುಗಳು ಸಾಲಾಗಿದ್ದವು.