ಖಸಮ್ ಅಂದರೆ ಯಾರು?

“ಇದನ್ನ ಬರೆದವರು ಯಾರು?”

ಚೆಸ್ ಕ್ಲಬ್ಬಿನ ಬಾಗಿಲಲ್ಲಿ ನಿಂತು ದರ್ಜಿ ಗುಡುಗಿದ. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಮಗಳನ್ನು ಮನೆಗೆ ಕರೆದೊಯ್ಯಲೆಂದು ಹೆಂಡತಿಯ ಜೊತೆ ಮೆಟ್ಟಿಲು ಹತ್ತಿ ಬಂದವನು, ಕಣ್ಣು ಗೋಡೆಯ ಕಪ್ಪು ಹಲಗೆಯ ಮೇಲೆ ಬಿದ್ದದ್ದೇ ತಡ, ಕೆಂಡವಾಗಿದ್ದ.

ಹಲಗೆಯ ಮೇಲೆ ಮರುದಿನದ ಫೈನಲ್ ಜೋಡಿ. ಒಂದು ಕಡೆ ‘ಮಿಂಚು’. ಅದು ಕ್ಲಬ್ಬಿನಲ್ಲಿ ದರ್ಜಿಯ ಮಗಳಿಗಿದ್ದ ಅಡ್ಡಹೆಸರು. ಇನ್ನೊಂದು ಕಡೆ ‘ಗಡಿಯಾರ’. ಅವನು ಮೂಲೆಯಂಗಡಿಯಲ್ಲಿ ವಾಚ್ ರಿಪೇರಿ ಮಾಡುವ ಹುಡುಗ. ಅವನ ಹೆಸರಿನ ಕೆಳಗೆ, ಬಲದಿಂದ ಎಡಕ್ಕೆ, ಪುಟ್ಟದಾಗಿ ಮೂರೇ ಅಕ್ಷರ. ಖೇ, ಸ್ವಾದ್, ಮೀಮ್.

ದರ್ಜಿಯ ಮನೆಮಾತು ಉರ್ದು. ಓದಲು ಅರೆಕ್ಷಣವೂ ಬೇಕಾಗಲಿಲ್ಲ.

“ಖಸಮ್! ಗಂಡ ಅಂತೆ! ನನಗೇ ಗೊತ್ತಿಲ್ಲದ ಅಳಿಯ ಇವನು ಎಲ್ಲಿಂದ ಉದುರಿದ? ಫೈನಲ್ಲೂ ಬೇಡ, ಗೀನಲ್ಲೂ ಬೇಡ. ನಡಿ ಮನೆಗೆ. ಇನ್ನೊಂದ್ಸಲ ಈ ಮೆಟ್ಟಿಲು ಹತ್ತಿದರೆ ನೋಡು!”

ಮಗಳು ತಲೆ ತಗ್ಗಿಸಿದಳು. ಪಾಪ, ವರ್ಷವಿಡೀ ಈ ಒಂದು ಆಟಕ್ಕಾಗಿ ಕಾದವಳು. ಗಡಿಯಾರದ ಕಿವಿ ಕೆಂಪಾಯಿತು. ಉಳಿದವರೆಲ್ಲ ಮೇಷ್ಟ್ರ ಕಡೆ ನೋಡಿದರು. ಆಟ ಕಲಿಸುವವರು ಅವರು, ಸೀಮೆಸುಣ್ಣ ಇಟ್ಟುಕೊಳ್ಳುವವರೂ ಅವರೇ. ಇನ್ಯಾರ ಮುಖ ನೋಡಬೇಕು?

ಮೇಷ್ಟ್ರು ಬಾಯಿ ತೆರೆಯುವ ಮೊದಲೇ, ಮೂಲೆಯಲ್ಲಿ ಆಡುತ್ತ ಕೂತಿದ್ದ ಜಮಖಾನೆ ವ್ಯಾಪಾರಿ ಎದ್ದು ನಿಂತ. ಅವನ ಮನೆಮಾತು ಪರ್ಷಿಯನ್. ಲಿಪಿ ಉರ್ದುವಿನಂಥದೇ.

“ಗಂಡನೂ ಇಲ್ಲ, ಗಿಂಡನೂ ಇಲ್ಲ ಸ್ವಾಮಿ. ನಮ್ಮ ಭಾಷೇಲಿ ಇದನ್ನ ಖಸ್ಮ್ ಅಂತ ಓದ್ತೀವಿ. ಅಂದ್ರೆ ಶತ್ರು.”

“ಶತ್ರುನಾ? ಅಯ್ಯೋ, ಮದುವೇನೇ ಆಗದ ಹುಡುಗಿಗೆ ಶತ್ರು ಬೇರೆ!” ದರ್ಜಿ ಹಣೆ ಚಚ್ಚಿಕೊಂಡ.

“ಒಬ್ಬರು ಗಂಡ ಅಂತೀರಿ, ಒಬ್ಬರು ಶತ್ರು ಅಂತೀರಿ,” ಹಿಂದಿನಿಂದ ದರ್ಜಿಯ ಹೆಂಡತಿ ಅಂದಳು. “ಎರಡೂ ಒಂದೇ ತಾನೇ? ಅದಕ್ಯಾಕೆ ಇಷ್ಟು ರಂಪ?”

ಇಡೀ ಕ್ಲಬ್ಬು ಗೊಳ್ಳೆಂದಿತು. ದರ್ಜಿ ಮಾತ್ರ ನಗಲಿಲ್ಲ. ಮಗಳ ಚೀಲ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ. ಹುಡುಗಿಯ ಕಣ್ಣು ತುಂಬಿ ಬಂತು.

ಆಗ ಮೇಷ್ಟ್ರು ಎದ್ದು ಹಲಗೆಯ ಹತ್ತಿರ ಹೋದರು. ಕನ್ನಡಕ ಸರಿಮಾಡಿಕೊಂಡು ಮೂರಕ್ಷರವನ್ನೂ ದಿಟ್ಟಿಸಿದರು. ಒಮ್ಮೆ ಕೆಮ್ಮಿದರು.

“ಯಜಮಾನ್ರೇ, ನನ್ನ ಮನೆಮಾತು ಯಾವುದು?”

“ಅರಬ್ಬಿ. ಅದಕ್ಕೇನೀಗ?”

“ಅರಬ್ಬಿಯಲ್ಲಿ ಇದಕ್ಕೆ ಎದುರಾಳಿ ಅಂತ ಅರ್ಥ. ನಾಳೆ ನಿಮ್ಮ ಮಗಳ ಎದುರಾಳಿ ಯಾರು? ಈ ಹುಡುಗ. ಹೆಸರಿನ ಕೆಳಗೆ ಎದುರಾಳಿ ಅಂತಿದ್ರೆ ತಪ್ಪೇನು? ರಿಯಾಯಿತಿ ಅನ್ನೋದಕ್ಕೂ ನಮ್ಮಲ್ಲಿ ಇದೇ ಪದ. ಅಂಗಡಿ ಬಾಗಿಲಿಗೆ ದೊಡ್ಡದಾಗಿ ಬರೆದು ಹಾಕ್ತಾರೆ. ನೀವು ಹೋದ್ರೆ ಗಂಡಂದಿರ ಮಾರಾಟ ಇದೆ ಅಂತ ಓದ್ಕೊಳ್ತೀರೇನೋ!”

“ಪುಕ್ಕಟೆ ಕೊಟ್ರೂ ನಂಗೆ ಇನ್ನೊಂದು ಬೇಡಪ್ಪ,” ಅಂದಳು ದರ್ಜಿಯ ಹೆಂಡತಿ.

ದರ್ಜಿಯ ಸಿಟ್ಟು ಜರ್ರನೆ ಇಳಿಯಿತು. ಛೇ, ಮೇಷ್ಟ್ರ ಅರಬ್ಬಿಯನ್ನು ತಾನು ಉರ್ದು ಅಂತ ಓದಿ, ಹತ್ತು ಜನರ ಮುಂದೆ ಹೆತ್ತ ಮಗಳ ಮರ್ಯಾದೆ ತೆಗೆದೆನಲ್ಲ! ಚೀಲ ಇಳಿಸಿ ಅವಳ ಕೈಗೆ ಕೊಟ್ಟ. ಹೋಗಿ ಗಡಿಯಾರದ ಬೆನ್ನು ತಟ್ಟಿದ.

“ತಪ್ಪು ತಿಳ್ಕೋಬೇಡಪ್ಪ. ನಾಳೆ ಚೆನ್ನಾಗಿ ಆಡು. ಆದ್ರೆ ನನ್ನ ಮಗಳನ್ನ ಗೆಲ್ಲೋದು ಅಂದ್ರೆ ಹುಡುಗಾಟ ಅಲ್ಲ, ತಿಳೀತಾ?”

“ಗೊತ್ತು ಸಾರ್. ಕಷ್ಟಪಡ್ತಾ ಇದ್ದೀನಿ.”

ದರ್ಜಿಗೆ ಆ ವಿನಯ ಹಿಡಿಸಿತು. ಕೆಳಗೆ ಕಾಯುತ್ತಿರುತ್ತೇವೆ, ಬೇಗ ಬಾ ಅಂತ ಮಗಳಿಗೆ ಹೇಳಿ ಹೊರಟ. ಮೆಟ್ಟಿಲಿಳಿಯುತ್ತ ಹೆಂಡತಿಗೆ ಅವನು ಹೇಳುತ್ತಿದ್ದುದು ಮೇಲಿನವರೆಗೂ ಕೇಳಿಸಿತು.

“ಒಳ್ಳೇ ಹುಡುಗ ಕಣೇ. ಶರ್ಟಿನ ಹೊಲಿಗೆಯೊಂದು ಸರಿಯಿಲ್ಲ. ಗೆಲ್ಲಲಿ, ಸೋಲಲಿ, ನಾಳೆ ಅಳತೆ ತಗೊಂಡುಬಿಡ್ತೀನಿ.”

ಕಾಲಸಪ್ಪಳ ದೂರವಾಯಿತು. ಮೇಷ್ಟ್ರು ಉಸ್ಸೆಂದು ಕುರ್ಚಿಯಲ್ಲಿ ಕೂತು, ಡಸ್ಟರ್ ಎತ್ತಿ ಹುಡುಗಿಯ ಕೈಗಿಟ್ಟರು.

“ಮೊದಲು ಅದನ್ನ ಒರೆಸು ಮಗಳೇ. ನೀನು ಬರೆದ ಉರ್ದುವನ್ನ ದಿನಾ ಅರಬ್ಬಿ ಮಾಡ್ತಾ ಕೂರೋಕೆ ನನ್ನಿಂದಾಗಲ್ಲ.”